ಗಟ್ಟಿಮೇಳಕ್ಕೆ ಕಿವಿ ಮುಚ್ಚಿಕೊಳ್ಳುವ ಮಗು: ಆಟಿಸಂ ಮತ್ತು ಇಂದ್ರಿಯ ಸಂವೇದನೆ

ಮದುವೆ ಛತ್ರದಲ್ಲಿ ಮುಹೂರ್ತದ ಗಳಿಗೆ ಕೂಡಿಬಂದಾಗ ಪುರೋಹಿತರು ವಾದ್ಯದವರತ್ತ ಕೈ ಎತ್ತುತ್ತಾರೆ. ಅದುವರೆಗೆ ಮೆಲ್ಲಗೆ ನುಡಿಯುತ್ತಿದ್ದ ನಾದಸ್ವರ, ಡೋಲು ಒಮ್ಮೆಲೇ ಗಟ್ಟಿಮೇಳಕ್ಕೆ ಏರುತ್ತವೆ. ಯಾರದೋ ಸೀನು, ಯಾರದೋ ಅಶುಭದ ಮಾತು ವಧೂವರರ ಕಿವಿಗೆ ಬೀಳಬಾರದೆಂಬುದು ಆ ಅಬ್ಬರದ ಉದ್ದೇಶ. ನೆಂಟರಿಷ್ಟರೆಲ್ಲ ಅಕ್ಷತೆ ಹಿಡಿದು ಎದ್ದು ನಿಲ್ಲುವ ಆ ಹೊತ್ತಿನಲ್ಲಿ ಆರು ವರ್ಷದ ಹುಡುಗನೊಬ್ಬ ಎರಡೂ ಕಿವಿ ಮುಚ್ಚಿಕೊಂಡು ಕುರ್ಚಿಗಳ ಕೆಳಗೆ ನುಸುಳುತ್ತಾನೆ, ಎಳೆದುಕೊಳ್ಳಲು ಹೋದ ಅಪ್ಪನ ಕೈ ಕಚ್ಚುತ್ತಾನೆ, ಹಣೆಯನ್ನು ನೆಲಕ್ಕೆ ಚಚ್ಚಿಕೊಳ್ಳುತ್ತಾನೆ. ಹಿಂದಿನ ಸಾಲಿನಿಂದ ತೀರ್ಪುಗಳು ಬರತೊಡಗುತ್ತವೆ: "ಮುದ್ದು ಜಾಸ್ತಿಯಾಗಿದೆ", "ಯಾರದೋ ದೃಷ್ಟಿ ತಾಕಿದೆ, ನಿವಾಳಿಸಿ", "ನಮ್ಮ ಕಾಲದಲ್ಲಾಗಿದ್ದರೆ ಎರಡು ಬಿಗಿದಿದ್ದರೆ ಸರಿಹೋಗುತ್ತಿದ್ದ". ಅರ್ಧ ಗಂಟೆಯ ಬಳಿಕ ಅದೇ ಹುಡುಗ ಊಟದ ಮನೆಯ ಬಾಗಿಲಲ್ಲಿ ನಿಂತು ಸ್ಟೀಲ್ ತಟ್ಟೆಯೊಂದನ್ನು ಚಮಚದಿಂದ ಬಡಿಯುತ್ತ ಖುಷಿಯಿಂದ ನಗುತ್ತಿದ್ದರೆ ತೀರ್ಪು ಇನ್ನಷ್ಟು ಗಟ್ಟಿಯಾಗುತ್ತದೆ. ಸದ್ದು ಸಹಿಸಲಾಗದವನು ಸದ್ದು ಮಾಡುತ್ತಾನೆಯೇ? ಹಾಗಾದರೆ ಅದು ಹಟವಲ್ಲದೆ ಮತ್ತೇನು?

ಈ ಪ್ರಶ್ನೆಗೆ ಉತ್ತರ 1943ರಲ್ಲೇ ಬರಹಕ್ಕೆ ಇಳಿದಿದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆ ವರ್ಷ ಹನ್ನೊಂದು ಮಕ್ಕಳನ್ನು ಕುರಿತು ಪ್ರಕಟಿಸಿದ ಪ್ರಬಂಧದಿಂದಲೇ, ಮಾತು ಮತ್ತು ಬೆರೆಯುವಿಕೆಯ ಬೆಳವಣಿಗೆ ಬೇರೆ ಬಗೆಯಲ್ಲಿ ಸಾಗುವ ಆಟಿಸಂ ಎಂಬ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಈಗಿರುವ ಗುರುತು ಸಿಕ್ಕಿತು. ಆ ಮಕ್ಕಳನ್ನು ಗಾಬರಿಗೆ ದೂಡಿದ ವಸ್ತುಗಳನ್ನು ಆತ ಅದರಲ್ಲಿ ಪಟ್ಟಿ ಮಾಡಿದ್ದಾನೆ: ಲಿಫ್ಟು, ವ್ಯಾಕ್ಯೂಮ್ ಕ್ಲೀನರು, ಹರಿಯುವ ನೀರು, ಗ್ಯಾಸ್ ಒಲೆ, ಮೊಟ್ಟೆ ಕಲಕುವ ಯಂತ್ರ, ಕೆಲವೊಮ್ಮೆ ಬರೀ ಗಾಳಿ. ಅಷ್ಟಕ್ಕೇ ಬಿಡದೆ, ಸದ್ದಿಗೆ ಹೆದರುವ ಮಗುವೇ ತಾನಾಗಿ ಅಷ್ಟೇ ದೊಡ್ಡ ಸದ್ದನ್ನು ಸಂತೋಷದಿಂದ ಮಾಡಬಲ್ಲದು, ಆದ್ದರಿಂದ ತೊಂದರೆ ಸದ್ದಿನಲ್ಲಿಲ್ಲ, ಅದು ಹೊರಗಿನಿಂದ ಮಗುವಿನ ಮೇಲೆ ಎರಗುವುದರಲ್ಲಿದೆ ಎಂದೂ ಕ್ಯಾನರ್ ಗುರುತಿಸಿದ್ದ. ಮೊಟ್ಟೆ ಕಲಕುವ ಯಂತ್ರದ ಜಾಗದಲ್ಲಿ ಮಿಕ್ಸಿಯನ್ನಿಟ್ಟರೆ ಅದು ನಮ್ಮ ಅಡುಗೆಮನೆಯದೇ ವರದಿ. ಎಂಬತ್ತು ವರ್ಷಗಳ ಹಿಂದೆ ಹೀಗೆ ಕಣ್ಣಿಗೆ ಬಿದ್ದದ್ದನ್ನು ವೈದ್ಯಲೋಕ ಆಮೇಲೆ ಬಹುಕಾಲ ಬದಿಗಿಟ್ಟಿತು. ಮಾತು, ನೋಟ, ಬೆರೆಯುವಿಕೆ ಇವುಗಳಲ್ಲಿನ ವ್ಯತ್ಯಾಸವೇ ಆಟಿಸಂನ ತಿರುಳು, ಕಿವಿ ಮುಚ್ಚಿಕೊಳ್ಳುವುದೆಲ್ಲ ಅದರ ಬಾಲ ಎಂಬ ಭಾವನೆ ಬೇರೂರಿತು. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ 2013ರಲ್ಲಿ ಬಂದಾಗಷ್ಟೇ ಇಂದ್ರಿಯಗಳ ಅತಿಯಾದ ಅಥವಾ ತೀರ ಕಡಿಮೆಯಾದ ಪ್ರತಿಕ್ರಿಯೆ ಆಟಿಸಂನ ಅಧಿಕೃತ ಲಕ್ಷಣಗಳ ಸಾಲಿಗೆ ಸೇರಿತು.

ಈ ವಿಷಯದಲ್ಲಿ ಭಾರತ ತುಸು ಮುಂದಿತ್ತು ಎನ್ನಬೇಕು. ಇಲ್ಲಿ ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಬಳಕೆಯಾಗುವ ಆಟಿಸಂ ಅಳತೆಪಟ್ಟಿಯಲ್ಲಿರುವ 40 ಅಂಶಗಳಲ್ಲಿ ಆರು ಇಂದ್ರಿಯಗಳಿಗೆ ಸಂಬಂಧಿಸಿದವೇ: ನೋವಿನ ಅರಿವು ಕಡಿಮೆಯೇ, ಶೂನ್ಯದತ್ತ ದಿಟ್ಟಿಸುತ್ತದೆಯೇ, ವಸ್ತುಗಳನ್ನೂ ಮನುಷ್ಯರನ್ನೂ ಮೂಸಿ, ಮುಟ್ಟಿ, ನೆಕ್ಕಿ ನೋಡುತ್ತದೆಯೇ ಎಂಬಂಥವು. ಆದರೆ ಪಟ್ಟಿಯಲ್ಲಿ ಅಂಕ ಹಾಕುವುದಕ್ಕೂ, ಆ ಅಂಕದ ಹಿಂದೆ ಮಗುವಿಗೆ ಏನಾಗುತ್ತಿದೆ ಎಂದು ಮನೆಯವರಿಗೆ ಬಿಡಿಸಿ ಹೇಳುವುದಕ್ಕೂ ಬಹಳ ಅಂತರವಿದೆ. ಆ ಎರಡನೆಯ ಕೆಲಸ ನಮ್ಮಲ್ಲಿ ನಡೆಯುವುದು ಅಪರೂಪ.

ಏನಾಗುತ್ತಿದೆ? ಮೊದಲಿಗೆ, ಮಗುವಿನ ಕಿವಿಯಲ್ಲಿ ಸಾಮಾನ್ಯವಾಗಿ ದೋಷವಿರುವುದಿಲ್ಲ. ಹೆಸರು ಕೂಗಿದರೆ ತಿರುಗದ ಮಗುವನ್ನು ತಂದೆತಾಯಿ ಮೊದಲು ಕರೆದೊಯ್ಯುವುದು ಶ್ರವಣ ಪರೀಕ್ಷೆಗೆ, ಮತ್ತು ಅದು ಸರಿಯಾದ ಮೊದಲ ಹೆಜ್ಜೆಯೇ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ನಿದ್ದೆಯಲ್ಲಿರುವ ಮಗುವಿನ ತಲೆಗೆ ತಂತಿ ಅಂಟಿಸಿ ಮಾಡುವ ಪರೀಕ್ಷೆಯ ಫಲಿತಾಂಶ ಈ ಮಕ್ಕಳಲ್ಲಿ ಅನೇಕ ಸಲ ಸಹಜವಾಗಿಯೇ ಇರುತ್ತದೆ. ಅಮ್ಮ ಹತ್ತು ಸಲ ಕೂಗಿದರೂ ತಿರುಗದ ಮಗು ಪಕ್ಕದ ಕೋಣೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ ಸರಪರ ಸದ್ದಿಗೆ ಓಡಿಬರುವುದನ್ನು ಮನೆಯವರು ಬೆರಗಿನಿಂದಲೂ ಸಣ್ಣ ಸಿಟ್ಟಿನಿಂದಲೂ ಹೇಳುತ್ತಾರೆ. ಸದ್ದು ಒಳಗೆ ಹೋಗುತ್ತಿದೆ. ಹೋದದ್ದಕ್ಕೆ ಮಿದುಳು ಕೊಡುವ ತೂಕ ಬೇರೆ.

ಸೀಲಿಂಗ್ ಫ್ಯಾನಿನ ಗುಂಯ್‌ಗುಡುವಿಕೆ, ತೊಟ್ಟ ಅಂಗಿಯ ಸ್ಪರ್ಶ, ಕೂತ ಕುರ್ಚಿಯ ಒತ್ತು ಇವೆಲ್ಲ ಈ ಸಾಲು ಓದುವವರೆಗೆ ನಿಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಒಂದೇ ಸಮನೆ ಬರುವುದನ್ನು ಮಿದುಳು ಬೇಗ ಹಳತೆಂದು ಬದಿಗೆ ಸರಿಸುತ್ತದೆ. ಆಟಿಸಂ ಇರುವ, ಇಂದ್ರಿಯಗಳು ಅತಿ ಸೂಕ್ಷ್ಮವಾಗಿರುವ ಮಕ್ಕಳ ಮಿದುಳನ್ನು ಚಿತ್ರಿಸಿ ನೋಡಿದ ಅಧ್ಯಯನಗಳಲ್ಲಿ ಈ ಒಗ್ಗಿಕೊಳ್ಳುವ ಕ್ರಿಯೆ ಕುಂಟುವುದು ಕಂಡಿದೆ. ಭಯಕ್ಕೂ ಎಚ್ಚರಿಕೆಗೂ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗ ಕಿರಿಕಿರಿಯ ಸದ್ದು ಮತ್ತು ಸ್ಪರ್ಶಕ್ಕೆ ಹೆಚ್ಚು ಮಿಡಿಯುತ್ತದೆ, ಅದೇ ಪ್ರಚೋದನೆ ಮರುಕಳಿಸಿದಾಗಲೂ ಸುಲಭಕ್ಕೆ ತಣಿಯುವುದಿಲ್ಲ. 2012ರಲ್ಲಿ ಲಿಜ್ ಪೆಲಿಕಾನೊ ಮತ್ತು ಡೇವಿಡ್ ಬರ್ ಎಂಬ ಸಂಶೋಧಕರು ಇನ್ನೊಂದು ವಿವರಣೆ ಮುಂದಿಟ್ಟರು. ನಾವು ನೋಡುವುದರಲ್ಲಿ, ಕೇಳುವುದರಲ್ಲಿ ಒಂದು ಪಾಲು ಹಿಂದಿನ ಅನುಭವದಿಂದ ಬಂದ ಊಹೆ, ಆಟಿಸಂ ಇರುವವರಲ್ಲಿ ಆ ಊಹೆಯ ಪಾಲು ಕಡಿಮೆ, ಹಾಗಾಗಿ ಜಗತ್ತು ಪ್ರತಿ ಸಲವೂ ಹಸಿಹಸಿಯಾಗಿ, ಹೊಸದಾಗಿಯೇ ಮೈಮೇಲೆ ಬರುತ್ತದೆ ಎಂಬುದು ಅವರ ವಾದದ ಸಾರ. ಇದು ಇನ್ನೂ ಚರ್ಚೆಯಲ್ಲಿರುವ ಸಿದ್ಧಾಂತವೇ ಹೊರತು ಸಾಬೀತಾದ ಸತ್ಯವಲ್ಲ. ಆದರೂ ಛತ್ರದ ಹುಡುಗನ ಒಗಟನ್ನು ಇದು ಚೆನ್ನಾಗಿ ಬಿಡಿಸುತ್ತದೆ. ತಟ್ಟೆ ಬಡಿಯುವವನಿಗೆ ಮುಂದಿನ ಪೆಟ್ಟು ಯಾವಾಗ ಬೀಳುತ್ತದೆಂದು ಗೊತ್ತು. ಗಟ್ಟಿಮೇಳ ಯಾವಾಗ ಬೀಳುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಇದೆಲ್ಲ ಬರೀ ಸದ್ದಿನ ಮಾತಲ್ಲ, ಬರೀ ಅತಿಸೂಕ್ಷ್ಮತೆಯ ಮಾತೂ ಅಲ್ಲ. ಶಾಲೆಯಲ್ಲಿ ಕಲಿತ ಪಂಚೇಂದ್ರಿಯಗಳ ಜೊತೆಗೆ ಇನ್ನೂ ಮೂರನ್ನು ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಳಕಿವಿಯಲ್ಲಿರುವ ಸಮತೋಲನದ ಅರಿವು ಒಂದು, ಕೈಕಾಲು ಎಲ್ಲಿವೆ, ಎಷ್ಟು ಬಲ ಹಾಕಿವೆ ಎಂದು ಸ್ನಾಯು ಮತ್ತು ಕೀಲುಗಳಿಂದ ಬರುವ ಅರಿವು ಇನ್ನೊಂದು, ಹಸಿವು, ಮಲಮೂತ್ರದ ಒತ್ತಡ, ಜ್ವರದ ಕಾವು ಮುಂತಾದ ಒಡಲೊಳಗಿನ ಸುದ್ದಿ ಮತ್ತೊಂದು. ಒಂದೇ ಮಗುವಿನಲ್ಲಿ ಇವುಗಳಲ್ಲಿ ಒಂದು ಅತಿ ಚುರುಕಾಗಿಯೂ ಇನ್ನೊಂದು ತೀರ ಮಂದವಾಗಿಯೂ ಇರಬಹುದು. ಬಿಡದೆ ಗಿರಗಿರನೆ ತಿರುಗಿದರೂ ತಲೆಸುತ್ತು ಬಾರದ ಮಗು, ಹಾಸಿಗೆಯ ಕೆಳಗೆ ತೂರಿಕೊಂಡು ಅದರ ಭಾರವನ್ನು ಮೈಮೇಲೆ ಹೇರಿಕೊಳ್ಳುವ ಮಗು, ತುದಿಗಾಲಿನಲ್ಲೇ ನಡೆಯುವ ಮಗು ತುಂಟತನ ಮಾಡುತ್ತಿರಬೇಕೆಂದೇನೂ ಇಲ್ಲ. ತನ್ನ ಮೈಯಿಂದ ಸಾಕಷ್ಟು ಸುದ್ದಿ ಬಾರದಿದ್ದಾಗ ಅದನ್ನು ಹುಡುಕಿಕೊಂಡು ಹೋಗುವ ಬಗೆಯೂ ಅದಾಗಿರಬಹುದು. ಅಮೆರಿಕದ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್, ಸ್ವತಃ ಆಟಿಸಂ ಇರುವವರು, ಹದಿಹರೆಯದಲ್ಲಿ ಚಿಕ್ಕಮ್ಮನ ದನದ ಫಾರಂಗೆ ಹೋದಾಗ ದನಗಳನ್ನು ಎರಡು ಬದಿಯಿಂದ ಒತ್ತಿ ಹಿಡಿದು ಚುಚ್ಚುಮದ್ದು ಕೊಡಲು ಬಳಸುವ ಯಂತ್ರವನ್ನು ನೋಡಿ, ಅಂಥದೇ ಒಂದನ್ನು ತಮಗಾಗಿ ಮಾಡಿಕೊಂಡರು. ಮನುಷ್ಯರ ಅಪ್ಪುಗೆಯನ್ನು ತಾಳಲಾಗದ ಅವರಿಗೆ ಆ ಯಂತ್ರದ ಒತ್ತು ನೆಮ್ಮದಿ ಕೊಡುತ್ತಿತ್ತು, ಏಕೆಂದರೆ ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬ ಹಿಡಿಕೆ ಅವರ ಕೈಯಲ್ಲೇ ಇತ್ತು.

ಮಂದವಾಗಿರುವ ಇಂದ್ರಿಯದ ಕಡೆ ಮನೆಯವರ ಗಮನ ಹೋಗುವುದು ಕಡಿಮೆ, ಏಕೆಂದರೆ ಆ ಮಗು ಗಲಾಟೆ ಮಾಡುವುದಿಲ್ಲ. ಆದರೆ ಅಪಾಯ ಹೆಚ್ಚಿರುವುದು ಅಲ್ಲಿಯೇ. ಬಿಸಿ ಪಾತ್ರೆ ಮುಟ್ಟಿದರೂ ಕೈ ಹಿಂದೆಗೆಯದ, ಬಿದ್ದು ಮೂಳೆಗೆ ಪೆಟ್ಟಾದರೂ ಅಳದ, ಕಿವಿ ಸೋರುತ್ತಿದ್ದರೂ ಹೇಳದ ಮಗುವನ್ನು "ಬಹಳ ಗಟ್ಟಿಗ" ಎಂದು ಹೊಗಳುವುದುಂಟು. ಮಾತು ಕಡಿಮೆ ಇರುವ ಮಗು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಳ್ಳಲು ತೊಡಗಿದರೆ ಮೊದಲು ನೋಡಬೇಕಾದದ್ದು ಹಲ್ಲು, ಕಿವಿ ಮತ್ತು ಹೊಟ್ಟೆಯನ್ನು. ಥೆರಪಿಯ ಮಾತು ಆಮೇಲಿನದು.

ಊಟದ ವಿಷಯಕ್ಕೆ ಬಂದರೆ ಕನ್ನಡದ ಮನೆಗಳಲ್ಲಿ ದೊಡ್ಡ ಯುದ್ಧವೇ ನಡೆಯುತ್ತದೆ. ಬರೀ ಮೊಸರನ್ನ, ಅದೂ ಒಗ್ಗರಣೆಯ ಸಾಸಿವೆ ನಾಲಿಗೆಗೆ ಸಿಗದ ಮೊಸರನ್ನ ಮಾತ್ರ ತಿನ್ನುವ ಮಗುವಿಗೆ ಹುಳಿಯಲ್ಲಿ ತರಕಾರಿ ಹೋಳು ಸಿಕ್ಕರೆ ಓಕರಿಕೆ ಬರುತ್ತದೆ. ಅದು ರುಚಿಯ ಪ್ರಶ್ನೆಯಾಗಿರಬೇಕೆಂದಿಲ್ಲ. ಮೆತ್ತಗಿನ ಅನ್ನದ ನಡುವೆ ಥಟ್ಟನೆ ಸಿಕ್ಕ ಬೇರೆ ಹದದ ವಸ್ತು ಬಾಯಿಗೆ ಅಪಾಯದ ಸೂಚನೆಯಂತೆ ತಟ್ಟಬಹುದು. ತುತ್ತಿನೊಳಗೆ ಹೋಳನ್ನು ಬಚ್ಚಿಟ್ಟು ಉಣಿಸುವ ಅಜ್ಜಿಯರ ಉಪಾಯ ಇಂಥ ಮಗುವಿನಲ್ಲಿ ತಿರುಗುಬಾಣವಾಗುವುದುಂಟು, ಒಮ್ಮೆ ಮೋಸ ಹೋದ ಮೇಲೆ ಮಗು ಮೊಸರನ್ನವನ್ನೂ ಬಿಟ್ಟುಬಿಡುತ್ತದೆ. "ಹಸಿವಾದರೆ ತಾನೇ ತಿನ್ನುತ್ತಾನೆ" ಎಂಬ ಮಾತನ್ನೂ ಇಲ್ಲಿ ನೆಚ್ಚುವಂತಿಲ್ಲ. ಮೂರ್ನಾಲ್ಕೇ ಪದಾರ್ಥಗಳಿಗೆ ಕಟ್ಟುಬಿದ್ದ ಮಕ್ಕಳಲ್ಲಿ ಸಿ ಜೀವಸತ್ವದ ಕೊರತೆಯಿಂದ ಒಸಡಿನಲ್ಲಿ ರಕ್ತ ಒಸರುವ ಸ್ಕರ್ವಿ ಕಾಣಿಸಿಕೊಂಡ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ.

ಹಟಕ್ಕೂ ಈ ಸ್ಥಿತಿಗೂ ವ್ಯತ್ಯಾಸ ತಿಳಿಯುವುದು ಹೇಗೆಂದು ತಂದೆತಾಯಿ ಕೇಳುತ್ತಾರೆ. ಅಂಗಡಿಯ ಮುಂದೆ ಚಾಕೊಲೇಟಿಗಾಗಿ ಅಳುವ ಮಗು ಒರೆಗಣ್ಣಿನಲ್ಲಿ ಅಮ್ಮನ ಮುಖ ನೋಡುತ್ತಿರುತ್ತದೆ, ಚಾಕೊಲೇಟು ಕೈಗೆ ಬಂದರೆ ಅಳು ನಿಲ್ಲುತ್ತದೆ. ಇಂದ್ರಿಯಗಳ ಭಾರಕ್ಕೆ ಕುಸಿದ ಮಗುವಿಗೆ, ಅಂದರೆ ಈಗ ತಂದೆತಾಯಿ ಮೆಲ್ಟ್‌ಡೌನ್ ಎನ್ನುವ ಸ್ಥಿತಿಗೆ, ನೋಡುವವರ ಹಂಗಿಲ್ಲ, ಕೇಳಿದ್ದನ್ನು ಕೊಟ್ಟರೂ ಅದು ನಿಲ್ಲುವುದಿಲ್ಲ, ನಿಂತ ಮೇಲೆ ಮಗು ಬಸವಳಿದು ನಿದ್ದೆ ಹೋಗುವುದೂ ಉಂಟು. ಈ ಗೆರೆ ಯಾವಾಗಲೂ ಇಷ್ಟು ಸ್ಪಷ್ಟವಾಗಿರುವುದಿಲ್ಲ, ಹಟವಾಗಿ ಶುರುವಾದದ್ದು ಕುಸಿತದಲ್ಲಿ ಮುಗಿಯಬಹುದು. ಇನ್ನೊಂದು ಗೊಂದಲವೂ ಇದೆ: ಭಾರ ಬೀಳುವ ಜಾಗ ಒಂದು, ಒಡೆಯುವ ಜಾಗ ಇನ್ನೊಂದು. ತರಗತಿಯಲ್ಲಿ ಐದಾರು ಗಂಟೆ ಕಚ್ಚಿ ಹಿಡಿದುಕೊಂಡಿದ್ದ ಮಗು ಮನೆಯ ಹೊಸ್ತಿಲು ದಾಟಿದ ಕೂಡಲೇ ಕುಸಿದರೆ, "ಶಾಲೆಯಲ್ಲಿ ಚೆನ್ನಾಗಿಯೇ ಇರುತ್ತಾನೆ, ಮನೆಯಲ್ಲಿ ನೀವು ಶಿಸ್ತು ಕಲಿಸಿಲ್ಲ" ಎಂದು ಟೀಚರು ಅಮ್ಮನಿಗೇ ಹೇಳುತ್ತಾರೆ.

ಇಷ್ಟು ಗೊತ್ತಾದ ತಂದೆತಾಯಿ ಮುಂದೆ ಬಂದು ನಿಲ್ಲುವುದು ಥೆರಪಿ ಕೇಂದ್ರದ ಬಾಗಿಲಲ್ಲಿ. ಅಲ್ಲಿಯ ಉಯ್ಯಾಲೆ, ದೊಡ್ಡ ರಬ್ಬರ್ ಚೆಂಡು, ಅಕ್ಕಿ ತುಂಬಿದ ತೊಟ್ಟಿ, ಬಣ್ಣದ ದೀಪಗಳ ಹಿಂದಿರುವುದು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಚಿಕಿತ್ಸಕಿ) ಜೀನ್ ಏರ್ಸ್ ರೂಪಿಸಿ 1972ರ ಪುಸ್ತಕದಲ್ಲಿ ವಿವರಿಸಿದ ಸಂವೇದನಾ ಸಂಯೋಜನೆಯ ಸಿದ್ಧಾಂತ. ಆಟದ ಮೂಲಕ ಇಂದ್ರಿಯಗಳಿಗೆ ಸರಿಯಾದ ಕಸರತ್ತು ಕೊಟ್ಟರೆ ಮಿದುಳು ಅವನ್ನು ಹೊಂದಿಸಿಕೊಳ್ಳಲು ಕಲಿಯುತ್ತದೆ ಎಂಬುದು ಅದರ ತಿರುಳು. ಆ ಸಿದ್ಧಾಂತ ಎಷ್ಟು ಜನಪ್ರಿಯವೋ ಅದಕ್ಕಿರುವ ಪುರಾವೆ ಅಷ್ಟು ಬಲವಾಗಿಲ್ಲ. ಇಂದ್ರಿಯ ಸಂವೇದನೆಯ ತೊಂದರೆಯನ್ನು ಪ್ರತ್ಯೇಕ ಕಾಯಿಲೆಯೆಂದು ನಿರ್ಣಯಿಸುವ ರೂಢಿ ಬೇಡ, ಈ ಬಗೆಯ ಥೆರಪಿಯ ಪರಿಣಾಮದ ಬಗ್ಗೆ ಸಂಶೋಧನೆ ಸೀಮಿತವಾಗಿದೆಯೆಂದು ತಂದೆತಾಯಿಗೆ ತಿಳಿಸಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ತನ್ನ ವೈದ್ಯರಿಗೆ ಸೂಚಿಸಿತು. ಇಂಥ ತೊಂದರೆ ಗಮನದ ಕೊರತೆ ಇರುವ ಮಕ್ಕಳಲ್ಲೂ ಆತಂಕದ ಮಕ್ಕಳಲ್ಲೂ ಕಾಣುತ್ತದೆ, ಅದೊಂದನ್ನೇ ನೋಡಿ ಆಟಿಸಂ ಎನ್ನಲಾಗದು. ಬ್ರಿಟನ್ನಿನಲ್ಲಿ 138 ಮಕ್ಕಳನ್ನು ಎರಡು ಗುಂಪು ಮಾಡಿ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈ ಥೆರಪಿ ಪಡೆದ ಮಕ್ಕಳ ಸಿಡಿಮಿಡಿ ಮತ್ತು ಚಡಪಡಿಕೆ ಮಾಮೂಲಿ ಆರೈಕೆ ಪಡೆದವರಿಗಿಂತ ಕಡಿಮೆಯಾಗಲಿಲ್ಲ. ಮನೆಯವರು ಆರಿಸಿದ ನಿರ್ದಿಷ್ಟ ಗುರಿಗಳಲ್ಲಿ ಒಂದಿಷ್ಟು ಪ್ರಗತಿ ಕಂಡಿತ್ತು ಎಂಬುದನ್ನೂ ಹೇಳಬೇಕು. ಮೈಗೆ ಒತ್ತು ಸಿಗಲೆಂದು ತೂಕ ತುಂಬಿದ ಕಂಬಳಿಯದೂ ಹೆಚ್ಚುಕಡಿಮೆ ಇದೇ ಕತೆ. 2014ರ ಪ್ರಯೋಗವೊಂದರಲ್ಲಿ ಅದನ್ನು ಹೊದ್ದ ಮಕ್ಕಳ ನಿದ್ದೆಯ ಅವಧಿ ಹೆಚ್ಚಲಿಲ್ಲ, ಆದರೆ ಮಕ್ಕಳಿಗೂ ತಂದೆತಾಯಿಗೂ ಅದೇ ಹಿಡಿಸಿತು.

ಇದರಿಂದ ಆಕ್ಯುಪೇಷನಲ್ ಥೆರಪಿಯೇ ವ್ಯರ್ಥ ಎಂದು ತೀರ್ಮಾನಿಸುವುದು ತಪ್ಪು. ಮಗುವನ್ನು ಎಚ್ಚರಿಕೆಯಿಂದ ಗಮನಿಸಿ, ಗುಂಡಿ ಹಾಕುವುದನ್ನೋ ಹಲ್ಲುಜ್ಜುವುದನ್ನೋ ಕಲಿಸಿ, ಮನೆಯಲ್ಲಿ ಏನು ಬದಲಾಯಿಸಬೇಕೆಂದು ಹೇಳುವ ಒಳ್ಳೆಯ ಥೆರಪಿಸ್ಟ್ ಸಿಕ್ಕವರು ಅದೃಷ್ಟವಂತರು. ಆಕ್ಷೇಪವಿರುವುದು ಗುರಿಯೇ ಇಲ್ಲದೆ ವರ್ಷಗಟ್ಟಲೆ ನಡೆಯುವ "ಸೆನ್ಸರಿ ಸೆಷನ್" ಬಗ್ಗೆ. ಮೂರು ತಿಂಗಳಲ್ಲಿ ಮಗುವಿನ ದಿನಚರಿಯಲ್ಲಿ ಯಾವ ಒಂದು ಕೆಲಸ ಸುಲಭವಾಗಬೇಕು, ಅದನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಗದ ಕಡೆ ಸಾಲ ಮಾಡಿ ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಹೊರದೇಶದಲ್ಲಿ ತಯಾರಾದ ಪ್ರಶ್ನಾವಳಿ ಎಣ್ಣೆಸ್ನಾನದ ಬಗ್ಗೆ ಕೇಳುವುದಿಲ್ಲ. ನೆತ್ತಿಗೆ ತಟ್ಟಿದ ಎಣ್ಣೆ, ಕಣ್ಣಿಗಿಳಿಯುವ ಸೀಗೆಕಾಯಿ, ಮೇಲಿಂದ ಸುರಿಯುವ ಬಿಸಿನೀರು, ಹಂಡೆಯ ಹೊಗೆಯ ವಾಸನೆ ಎಲ್ಲವೂ ಒಂದೇ ಗಳಿಗೆಯಲ್ಲಿ ಮೈಮೇಲೆ ಬೀಳುವ ಅನುಭವವನ್ನು ಕೇಳಿ ತಿಳಿಯಬೇಕಾದವರು ಇಲ್ಲಿಯವರೇ.

ನನ್ನ ಅಭಿಪ್ರಾಯದಲ್ಲಿ ನಾವು ಗಾಡಿಯನ್ನು ಎತ್ತಿನ ಮುಂದೆ ಕಟ್ಟಿದ್ದೇವೆ. ಸದ್ದು ತಾಳುವಂತೆ ಮಗುವನ್ನು ತಿದ್ದಲು ಸಾವಿರಾರು ರೂಪಾಯಿ ತೆರುತ್ತೇವೆ, ಮಿಕ್ಸಿಯ ಕೆಳಗೆ ಒಂದು ದಪ್ಪ ಬಟ್ಟೆ ಹಾಸುವುದಿಲ್ಲ. ಅಂಗಿಯ ಕತ್ತಿನ ಪಟ್ಟಿಯಲ್ಲಿ ಹೊಲಿದ ಲೇಬಲ್ ಕತ್ತರಿಸುವುದಕ್ಕೆ, ಮಿಣುಕುವ ಟ್ಯೂಬ್‌ಲೈಟ್ ಬದಲಿಸುವುದಕ್ಕೆ, ಹೊಸ ಯೂನಿಫಾರಂ ಅನ್ನು ನಾಲ್ಕು ಸಲ ಒಗೆದು ಮೆತ್ತಗಾದ ಮೇಲೆ ತೊಡಿಸುವುದಕ್ಕೆ, ಕ್ಷೌರದಂಗಡಿಯ ಮೆಷಿನ್ನಿನ ಗುಂಯ್ ಸದ್ದಿನ ಬದಲು ಮನೆಯಲ್ಲೇ ಕತ್ತರಿಯಿಂದ, ಬೇಕಿದ್ದರೆ ನಿದ್ದೆಯಲ್ಲಿರುವಾಗ, ಎರಡು ಕಂತಿನಲ್ಲಿ ಕೂದಲು ಕತ್ತರಿಸುವುದಕ್ಕೆ ಪ್ರಯೋಗಶಾಲೆಯ ಪುರಾವೆಗಾಗಿ ಕಾಯಬೇಕಿಲ್ಲ. ಸದ್ದು ತಡೆಯುವ ಹೆಡ್‌ಫೋನ್ ಸಂತೆಗೆ, ಜಾತ್ರೆಗೆ, ದೀಪಾವಳಿಗೆ ಒಳ್ಳೆಯದು. ದಿನವಿಡೀ ಅದರೊಳಗೇ ಇದ್ದರೆ ಮಾಮೂಲಿ ಸದ್ದೂ ಜೋರೆನಿಸಬಹುದು, ಹಾಗಾಗಿ ಅದನ್ನು ಕೊಡೆಯಂತೆ ಬಳಸಬೇಕು, ಮಳೆ ಬಂದಾಗ ಮಾತ್ರ.

ಶಾಲೆಯ ಮಟ್ಟಿಗೆ ಇದು ದಯೆಯ ವಿಷಯವೂ ಅಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅದನ್ನು 21 ಅಂಗವಿಕಲತೆಗಳಲ್ಲಿ ಒಂದಾಗಿ ಸೇರಿಸಿತು, ಮತ್ತು ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಿಕ್ಷಣ ಸಂಸ್ಥೆಗಳು ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಒದಗಿಸುವಂತೆ ನೋಡಿಕೊಳ್ಳಬೇಕೆಂದು ಅದರ 16ನೆಯ ಕಲಮು ಹೇಳುತ್ತದೆ. ಆ ಹೊಂದಾಣಿಕೆ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಗಾಲಿಕುರ್ಚಿಯ ಇಳಿಜಾರು. ತಗಡಿನ ಮಾಡಿನ ಕೆಳಗೆ ಮಳೆಗಾಲದಲ್ಲಿ ಕೂತ ತರಗತಿ, ಬಿಸಿಯೂಟದ ಹೊತ್ತಿಗೆ ನೂರಾರು ಸ್ಟೀಲ್ ತಟ್ಟೆಗಳ ಖಣಖಣ, ತಲೆಯ ಮೇಲೆಯೇ ಬಾರಿಸುವ ಗಂಟೆ ಇವುಗಳ ನಡುವಿನಿಂದ ಹತ್ತು ನಿಮಿಷ ಎದ್ದುಹೋಗಿ ಕೂರಲು ಒಂದು ಮೂಲೆ, ಎಲ್ಲರಿಗಿಂತ ಐದು ನಿಮಿಷ ಮೊದಲು ಊಟಕ್ಕೆ ಬಿಡುವುದು, ಗಂಟೆ ಹೊಡೆಯುವ ಮುನ್ನ ಸನ್ನೆ ಮಾಡುವುದು ಇವೂ ಹೊಂದಾಣಿಕೆಗಳೇ. ಬೆಂಗಳೂರಿನ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್‌ನಲ್ಲಿ ಇಂಥ ಪ್ರಯಾಣಿಕರಿಗೆಂದೇ ಶಾಂತವಾದ ಸಂವೇದನಾ ಕೊಠಡಿ ಇದೆ. ವರ್ಷಕ್ಕೊಮ್ಮೆ ಹತ್ತುವ ವಿಮಾನಕ್ಕೆ ಸಿಕ್ಕ ಸೌಲಭ್ಯ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ ಹೋಗುವ ಶಾಲೆಯಲ್ಲಿ ಏಕಿಲ್ಲವೆಂದು ಕೇಳಲು ಅಡ್ಡಿಯಿಲ್ಲ. ಬಡಾವಣೆಯ ಗಣೇಶೋತ್ಸವದ ಡಿಜೆ ಬಗ್ಗೆಯೂ ಇದೇ ಮಾತು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂಬ ಮಿತಿ 2000ದ ಶಬ್ದಮಾಲಿನ್ಯ ನಿಯಮಗಳಲ್ಲೇ ಇದೆ, ಅದಕ್ಕಾಗಿ ಹೊಸ ಕಾನೂನು ಬೇಕಿಲ್ಲ.

"ಹೀಗೆ ಎಲ್ಲವನ್ನೂ ಮೆತ್ತಗೆ ಮಾಡುತ್ತ ಹೋದರೆ ಮಗು ಜಗತ್ತಿಗೆ ಒಗ್ಗುವುದು ಯಾವಾಗ?" ಎಂಬ ಅಜ್ಜಂದಿರ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಒಗ್ಗಿಸಬೇಕು, ನಿಜ. ಆದರೆ ಹಿಡಿದು ಕೂರಿಸಿ ಕೇಳಿಸುವುದರಿಂದ ಮಗು ಕಲಿಯುವುದು ಹಿಡಿದವರನ್ನು ನಂಬಬಾರದೆಂಬುದನ್ನು. ಇಲ್ಲಿ ಕ್ಯಾನರ್ ಕಂಡದ್ದು ಮತ್ತೆ ಕೆಲಸಕ್ಕೆ ಬರುತ್ತದೆ. ಮಿಕ್ಸಿಗೆ ಹೆದರುವ ಮಗುವಿನ ಕೈಗೇ ಮಿಕ್ಸಿಯ ಸ್ವಿಚ್ಚನ್ನು ಕೊಡಬೇಕು. ಮೊದಲ ವಾರ ಜಾರ್ ಇಲ್ಲದೆ ಬರೀ ತಿರುಗಿಸುವ ಆಟ, ಆಮೇಲೆ ಖಾಲಿ ಜಾರ್ ಇಟ್ಟು ಒಂದು, ಎರಡು, ಮೂರು ಎಂದು ಎಣಿಸಿ ಒಂದು ಸುತ್ತು, ಬೇಡವೆನಿಸಿದ ಕೂಡಲೇ ಆರಿಸುವ ಅಧಿಕಾರ ಅದರದೇ. ಚಟ್ನಿ ರುಬ್ಬುವ ಹಂತಕ್ಕೆ ಬರಲು ಒಂದು ತಿಂಗಳು ಹಿಡಿಯಬಹುದು, ಒಂದು ವರ್ಷವೂ ಹಿಡಿಯಬಹುದು.

ಛತ್ರದಲ್ಲಿ ಇದಕ್ಕೆ ದಾರಿ ಇನ್ನೂ ಸಲೀಸು. ಮುಂಚಿನ ದಿನವೇ ಫೋನಿನಲ್ಲಿ ಗಟ್ಟಿಮೇಳದ ಧ್ವನಿಯನ್ನು ಸಣ್ಣಗೆ ಕೇಳಿಸಿ, ಎಷ್ಟು ಹೊತ್ತಿಗೆ ಮುಗಿಯುತ್ತದೆಂದು ಎಣಿಸಿ ತೋರಿಸಬಹುದು. ವಾದ್ಯದವರಿಂದ ದೂರ, ಬಾಗಿಲ ಪಕ್ಕದ ಕುರ್ಚಿ ಹಿಡಿಯಬಹುದು. ಪುರೋಹಿತರ ಬಲಗೈ ಮೇಲೆದ್ದರೆ ಸದ್ದು ಬರುತ್ತದೆಂದು ಹುಡುಗನಿಗೆ ಹೇಳಿಟ್ಟರೆ ಅವನು ಆ ಕೈಯನ್ನೇ ನೋಡುತ್ತ ಕೂರುತ್ತಾನೆ, ಕೈ ಎದ್ದೊಡನೆ ತಾನೇ ಹೆಡ್‌ಫೋನ್ ಏರಿಸಿಕೊಳ್ಳುತ್ತಾನೆ, ಇಲ್ಲವೇ ಅಪ್ಪನ ಬೆರಳು ಹಿಡಿದು ಚಪ್ಪಲಿ ಬಿಟ್ಟ ಜಾಗದವರೆಗೆ ನಡೆದುಹೋಗುತ್ತಾನೆ.